ಜೂಜಿನ ಯಂತ್ರದೊಳಗಿನ ಗಡಿಯಾರ

ಸಪ್ತವ್ಯಸನಗಳ ಎಣಿಕೆ ಆರಂಭವಾಗುವುದೇ ದ್ಯೂತದಿಂದ. ದ್ಯೂತವೆಂದೊಡನೆ ಪಗಡೆಯ ಹಾಸು, ಪಣ, ಎದುರಾಳಿ ಕಣ್ಣಮುಂದೆ ಬರುತ್ತಾರೆ. ಎದುರಾಳಿಯೇ ಇಲ್ಲದ ಜೂಜನ್ನು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಚಾರ್ಲ್ಸ್ ಫೇ ಒಂದು ಪೆಟ್ಟಿಗೆಯೊಳಗೆ ಕೂರಿಸಿದನು. ಆ ಯಂತ್ರದ ಹೆಸರು ಲಿಬರ್ಟಿ ಬೆಲ್, ಅಂದರೆ ಸ್ವಾತಂತ್ರ್ಯದ ಘಂಟೆ. ಬಂಧಕ್ಕೆ ಕಾರಣವಾಗುವ ವಸ್ತುವಿಗೆ ಇಂಥ ಹೆಸರು ದೊರೆತದ್ದು ವಿಚಿತ್ರವೇ ಸರಿ.

ಇಂಥ ಹಳೆಯ ಯಂತ್ರಗಳನ್ನು ಅಮೆರಿಕದ ಸಂಗ್ರಾಹಕರು ಇಂದಿಗೂ ಬಿಚ್ಚಿ, ತೊಳೆದು, ನಡೆಯುವಂತೆ ಮಾಡುತ್ತಾರೆ. ಶಿಕಾಗೋದ ಮಿಲ್ಸ್ ನಾವೆಲ್ಟಿ ಕಂಪನಿಯ ಯಂತ್ರಗಳಲ್ಲಿ ಅವರ ಶ್ರಮವನ್ನು ಬಹುವಾಗಿ ಬೇಡುವುದು ‘ಗಡಿಯಾರ’ವೆಂದೇ ಕರೆಯುವ ಭಾಗ. ಅದು ವೇಳೆ ತೋರಿಸುವುದಿಲ್ಲ. ಹಿಡಿಕೆ ಎಳೆದಾಗ ಚಿತ್ರಗಳಿರುವ ಮೂರು ಚಕ್ರಗಳು ಒಮ್ಮೆಲೇ ತಿರುಗತೊಡಗುತ್ತವೆ. ಗಡಿಯಾರದ ಸ್ಪ್ರಿಂಗು ಹಲ್ಲುಚಕ್ರಗಳನ್ನು ನಡೆಸುತ್ತದೆ. ಕೊನೆಯಲ್ಲಿರುವ ಪುಟ್ಟ ರೆಕ್ಕೆ ಗಾಳಿಯನ್ನು ಬಡಿಯುತ್ತ ಆ ಓಟವನ್ನು ತಡೆಹಿಡಿಯುತ್ತದೆ. ಹೀಗೆ ಅಳೆದ ಅಂತರದಲ್ಲಿ ಮೂರು ಲಿವರುಗಳು ಒಂದರ ಹಿಂದೊಂದು ಬಿಡುಗಡೆಗೊಂಡು ಚಕ್ರಗಳ ಕಚ್ಚುಗಳಿಗೆ ಬೀಳುತ್ತವೆ. ಎಡದ ಚಕ್ರ ಮೊದಲು, ಬಲದ್ದು ಕಡೆಗೆ.

ಕುಸುರಿಯಾಗಿ ಇದು ಮೆಚ್ಚತಕ್ಕದ್ದೇ. ಆದರೆ ಇದರ ಪ್ರಯೋಜನವೇನು? ಚಕ್ರಕ್ಕೆ 20 ನೆಲೆಗಳಂತೆ ಒಟ್ಟು 8,000 ಸಂಯೋಗಗಳು. ಮೂರೂ ಒಟ್ಟಿಗೆ ನಿಂತರೂ ಈ ಲೆಕ್ಕ ಬದಲಾಗದು. ಬದಲಾಗುವುದು ಆಡುವವನ ಚಿತ್ತ. ಎರಡು ಚಿತ್ರಗಳು ಸರಿಹೊಂದಿ ಮೂರನೆಯದು ಇನ್ನೂ ತಿರುಗುತ್ತಿರುವ ಆ ಒಂದೆರಡು ಕ್ಷಣದಲ್ಲಿ ಲೋಭವು ತನ್ನ ಪೂರ್ಣರೂಪದಲ್ಲಿ ಉದಯಿಸುತ್ತದೆ. ಯಂತ್ರ ಮಾರುವ ಸರಕು ಆ ಕ್ಷಣವೇ.

1940ರ ದಶಕದ ಅಂತ್ಯದಲ್ಲಿ ನೆವಾಡಾದಲ್ಲಿ ಕೆಲವರು ಈ ಗಡಿಯಾರದ ಲಯವನ್ನೇ ಅಭ್ಯಾಸಮಾಡಿ, ಹಿಡಿಕೆ ಎಳೆಯುವ ಹೊತ್ತನ್ನು ಎಣಿಸಿ ಗೆಲ್ಲತೊಡಗಿದರು. ಒಡನೆಯೇ ಲಯ ಏರುಪೇರಾಗುವಂತೆ ಗಡಿಯಾರವನ್ನು ತಿದ್ದಲಾಯಿತು. ಅದೃಷ್ಟವೆಂದು ಹಾಡಿಹೊಗಳಿದ ಆಟ ಬುದ್ಧಿಯನ್ನು ಮಾತ್ರ ಸಹಿಸಲಿಲ್ಲ.

ಹಣವನ್ನೇ ಒಡ್ಡದೆ ನೋಡಿ ನಲಿದರೆ ದೋಷವೇನೆಂಬುದು ಸಂಗ್ರಾಹಕರ ವಾದ. ಗಾಜಿನ ಹಿಂದೆ ನಿಂತ ಯಂತ್ರದ ಮಟ್ಟಿಗೆ ಈ ವಾದವನ್ನು ಒಪ್ಪಬಹುದು. ಅತಿಥಿಗಳ ಕೈಗೆ ಹಿಡಿಕೆ ಕೊಟ್ಟಾಗ ಒಪ್ಪಲಾಗದು. ಹದಿಮೂರನೆಯ ಶತಮಾನದ ಪಂಡಿತ ಆಶಾಧರರು ಸಾಗಾರಧರ್ಮಾಮೃತದಲ್ಲಿ ದ್ಯೂತವನ್ನು ತ್ಯಜಿಸಿದವನಿಗೆ ವಿನೋದದ ಪಂಥವೂ ದೋಷವೆಂದಿದ್ದಾರೆ. ಹರ್ಷವೂ ಕ್ರೋಧವೂ ಅಲ್ಲಿಂದಲೇ ಹುಟ್ಟುತ್ತವೆಂಬುದು ಅವರು ಕೊಡುವ ಕಾರಣ. ನಾಣ್ಯದ ಮಾತು ಅದರಲ್ಲಿಲ್ಲ.

ಧರ್ಮಕಾರ್ಯದ ನಿಧಿಗೆಂದು ಅದೃಷ್ಟ ಚೀಟಿ ಎತ್ತುವ ಟ್ರಸ್ಟುಗಳೂ ಈ ಕಾರಣವನ್ನು ಪರಿಶೀಲಿಸಬೇಕು. ವೇದಿಕೆಯ ಮೇಲಿಂದ ಬಹುಮಾನದ ಸಂಖ್ಯೆಯನ್ನು ಒಂದೊಂದೇ ಅಂಕೆಯಾಗಿ, ನಡುನಡುವೆ ತಡೆದು ಓದುವ ಪದ್ಧತಿಯುಂಟು. ಕೊನೆಯ ಅಂಕೆಗೆ ಮುನ್ನ ಸಭೆಯಲ್ಲಿ ಕವಿಯುವ ಮೌನವು ಆ ಗಡಿಯಾರದ ಮೌನವೇ.