ಸೇತುವೆ ದಾಟಬಲ್ಲ ಹಾಯಿದೋಣಿ

ಹೊನ್ನಾವರದಲ್ಲಿ ಶರಾವತಿಗೆ ಅಡ್ಡಲಾಗಿ ನಿಂತಿರುವ ರೈಲು ಸೇತುವೆ 2 ಕಿಲೋಮೀಟರಿಗೂ ಉದ್ದ. ಕೊಂಕಣ ರೈಲ್ವೆಯಲ್ಲಿ ಇದಕ್ಕಿಂತ ಉದ್ದದ ಸೇತುವೆ ಇನ್ನೊಂದಿಲ್ಲ. ಅದೇ ಹೊಳೆಯ ಮೇಲೆ ಹೆದ್ದಾರಿ 66ರ ಸೇತುವೆಯೂ ಇದೆ. ಕುಮಟಾ ಕಡೆ ಬಂದರೆ ಮಿರ್ಜಾನಿನ ಹತ್ತಿರ ಅಘನಾಶಿನಿಗೂ ರಸ್ತೆ, ರೈಲು ಎರಡರದೂ ಸೇತುವೆ. ಈ ಕರಾವಳಿಗೆಂದು ಹಾಯಿದೋಣಿ ಕೊಳ್ಳಲು ಹೊರಟವರು ಜಾಹೀರಾತಿನ ಫೋಟೊ ನೋಡುವ ಮೊದಲು ಒಮ್ಮೆ ಈ ಸೇತುವೆಗಳ ಅಡಿಯಲ್ಲಿ ನಿಂತು ತಲೆ ಎತ್ತಿ ನೋಡಬೇಕು. ಕೂವೆಕಂಬವನ್ನು ಮಡಚಿ ಮಲಗಿಸಲು ಬಾರದ ದೋಣಿ ಇಲ್ಲಿ ಬಂದರಿನಲ್ಲೇ ಉಳಿಯುತ್ತದೆ, ಹೊಳೆ ಹತ್ತುವುದಿಲ್ಲ.

ಮಾತು ನಡೆಯುತ್ತಿರುವುದು ಐಷಾರಾಮಿ ಯಾಟ್ ಬಗ್ಗೆ ಅಲ್ಲ. 15ರಿಂದ 26 ಅಡಿ ಉದ್ದ, ಇಬ್ಬರು ಮಲಗುವಷ್ಟು ಪುಟ್ಟ ಕ್ಯಾಬಿನ್, ಕಾರಿನ ಹಿಂದೆ ಟ್ರೇಲರ್ ಮೇಲೆ ಎಳೆದು ತರಬಹುದಾದ ತೂಕ, ಜೊತೆಗೆ ಈಗಾಗಲೇ ಒಬ್ಬರೋ ಇಬ್ಬರೋ ಬಳಸಿ ಬಿಟ್ಟದ್ದು. ಇಂಥ ದೋಣಿಗಳಿಗೆ ನಮ್ಮ ದೇಶದಲ್ಲಿ ಇರುವುದು ಸಣ್ಣ ಮಾರುಕಟ್ಟೆ. ಮುಂಬೈ, ಗೋವಾ, ಕೊಚ್ಚಿ, ಚೆನ್ನೈಗಳ ಕ್ಲಬ್ಬುಗಳಲ್ಲಿ ಬಾಯಿಂದ ಬಾಯಿಗೆ ಸುದ್ದಿ ಹರಡಿ ವ್ಯಾಪಾರ ಕುದುರುವುದೇ ಹೆಚ್ಚು. ಕರ್ನಾಟಕದಲ್ಲಿ ಹಾಯಿ ಕಲಿಯಲು ಕೆಆರ್‌ಎಸ್ ಹಿನ್ನೀರಿನ ರಾಯಲ್ ಮೈಸೂರು ಸೇಲಿಂಗ್ ಕ್ಲಬ್, ಬೆಂಗಳೂರಿನ ಹಲಸೂರು ಕೆರೆಯ ತೃಷ್ಣಾ ಸೇಲಿಂಗ್ ಕ್ಲಬ್ ಇವೆ. ಆದರೆ ಅಲ್ಲಿ ಓಡಾಡುವುದು ಬಹುತೇಕ ಕ್ಯಾಬಿನ್ ಇಲ್ಲದ ಡಿಂಗಿಗಳು.

‘ತೃಷ್ಣಾ’ ಎಂಬ ಹೆಸರಿನ ಹಿಂದೆಯೂ ಒಂದು ಹಳೆಯ ದೋಣಿಯ ಕಥೆ ಇದೆ. ಭೂಸೇನೆಯ ಎಂಜಿನಿಯರ್ ದಳದವರು 1985ರಿಂದ 1987ರವರೆಗೆ ಭೂಮಿಯನ್ನು ಸುತ್ತಿಬಂದ ‘ತೃಷ್ಣಾ’, ಇಂಗ್ಲೆಂಡಿನಲ್ಲಿ ಬಳಸಿದ್ದನ್ನೇ ಕೊಂಡು ಸಜ್ಜು ಮಾಡಿದ 37 ಅಡಿಯ ಫೈಬರ್ ದೋಣಿ. ಇನ್ನೂ ಚಿಕ್ಕದು ಬೇಕೆಂದರೆ ಇಂಗ್ಲೆಂಡಿನ ಶೇನ್ ಆಕ್ಟನ್ ಅವರ ಯಾತ್ರೆ ಇದೆ. ಅವರು 1972ರಲ್ಲಿ 400 ಪೌಂಡ್ ಕೊಟ್ಟು ಕೊಂಡಿದ್ದ 18 ಅಡಿಯ ಪ್ಲೈವುಡ್ ದೋಣಿ ‘ಶ್ರಿಂಪಿ’ಯಲ್ಲಿ ಇಂಗ್ಲೆಂಡ್ ಬಿಟ್ಟರು, 1980ರಲ್ಲಿ ಜಗತ್ತು ಸುತ್ತಿ ಮನೆಗೆ ಮರಳಿದರು. ಈ ಎರಡು ಯಾತ್ರೆಗಳಿಂದ ತಿಳಿಯುವುದೇನೆಂದರೆ, ದೋಣಿ ಹಳೆಯದಾದರೆ ಹೆದರಬೇಕಿಲ್ಲ. ಅದರಲ್ಲಿ ಏನು ಹಳೆಯದಾಗಿದೆ ಎಂಬುದನ್ನು ನೋಡಿಕೊಂಡರೆ ಸಾಕು.

ಸೇತುವೆಯ ನಂತರ ನೀರಿನ ಆಳದ ಲೆಕ್ಕ. ಹೊನ್ನಾವರದ ಅಳಿವೆಯಲ್ಲಿ ಮರಳ ದಿಬ್ಬ ವರ್ಷ ವರ್ಷವೂ ಜಾಗ ಬದಲಿಸುತ್ತದೆ. ಹುಟ್ಟಿದಾಗಿನಿಂದ ಅಲ್ಲೇ ದೋಣಿ ನಡೆಸಿದ ಮೀನುಗಾರರೂ ಉಬ್ಬರ ನೋಡಿಯೇ ಒಳಗೆ ಬರುತ್ತಾರೆ. ಹಾಗಾಗಿ ದೋಣಿಯ ತಳದಲ್ಲಿ ಇಳಿಬಿದ್ದಿರುವ ಕೀಲ್ ಎಷ್ಟು ಉದ್ದ, ಅದು ಮೇಲೆ ಮಡಚುತ್ತದೆಯೇ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಮುಂಬೈಯಲ್ಲಿ ರೇಸಿಗೆ ಬಳಸುವ ಜೆ/24 ಚುರುಕಾದ ದೋಣಿ, ಕ್ಯಾಬಿನ್ನೂ ಉಂಟು, ಲೋಕದಲ್ಲಿ 5,000ಕ್ಕೂ ಹೆಚ್ಚು ತಯಾರಾಗಿವೆ. ಆದರೆ ಅದರ ಕೀಲ್ ಅಲ್ಲಾಡದ್ದು, 1.2 ಮೀಟರ್ ನೀರು ಬೇಡುತ್ತದೆ, ತೂಕ ಸುಮಾರು 1,400 ಕಿಲೊ. ಇಳಿಜಾರಿನಿಂದ ನೀರಿಗೆ ಬಿಡುವುದೇ ಒಂದು ಸಾಹಸ, ಕ್ರೇನ್ ಇದ್ದರೆ ವಾಸಿ.

ಇದರ ಎದುರಿಗೆ ಅಮೆರಿಕದ ಕ್ಯಾಟಲಿನಾ 22 ಇಡಬಹುದು. ಫ್ರಾಂಕ್ ಬಟ್ಲರ್ ವಿನ್ಯಾಸ ಮಾಡಿದ ಈ ದೋಣಿ 1970ರ ಹೊತ್ತಿಗೆ ಬಂತು, 15,000ಕ್ಕೂ ಹೆಚ್ಚು ಮಾರಾಟವಾಯಿತು. ಅಲ್ಲಿ ನೆಲೆಸಿದ ಕನ್ನಡ ಕುಟುಂಬಗಳು ಊರಿನ ಕೆರೆಯಲ್ಲೋ ಕೊಲ್ಲಿಯಲ್ಲೋ ಹಾಯಿ ಹಾಕುವ ಆಸೆಪಟ್ಟರೆ ಅಗ್ಗದಲ್ಲಿ ಮೊದಲು ಕಣ್ಣಿಗೆ ಬೀಳುವುದೂ ಇದೇ. ತೂಕ ಟನ್ನಿನ ಆಸುಪಾಸು. ಕೀಲ್ ಕೆಳಗಿಳಿಸಿದರೆ ಒಂದೂವರೆ ಮೀಟರ್, ಮೇಲೆತ್ತಿದರೆ ಅರವತ್ತು ಸೆಂಟಿಮೀಟರ್. ಇನ್ನೂ ಹಗುರ ಬೇಕೆಂದರೆ ವೆಸ್ಟ್ ವೈಟ್ ಪಾಟರ್ ಇದೆ. ಹದಿನೈದು ಅಡಿಯ ಈ ದೋಣಿ ಮೊಣಕಾಲು ಮುಳುಗದ ನೀರಿನಲ್ಲೂ ತೇಲುತ್ತದೆ. ಮ್ಯಾಕ್‌ಗ್ರೆಗರ್ 26ರದು ಬೇರೆಯೇ ಉಪಾಯ. ನೀರಿಗಿಳಿದ ಮೇಲೆ ತಳದ ತೊಟ್ಟಿಗೆ ನೀರು ತುಂಬಿಸಿ ಭಾರ ಮಾಡಿಕೊಳ್ಳುತ್ತದೆ, ದಡ ಹತ್ತುವಾಗ ಅದನ್ನು ಬಸಿದು ಹಗುರವಾಗುತ್ತದೆ.

ಮಡಚುವ ಕೀಲ್‌ನ ಅನುಕೂಲದ ಜೊತೆಗೇ ಅದರ ಕಾಯಿಲೆಯೂ ಬರುತ್ತದೆ. ಕ್ಯಾಟಲಿನಾದಲ್ಲಿ ಸುಮಾರು 250 ಕಿಲೊ ತೂಗುವ ಎರಕದ ಕಬ್ಬಿಣ ಒಂದೇ ಪಿನ್ನಿನ ಮೇಲೆ ತಿರುಗುತ್ತದೆ, ಒಂದೇ ಉಕ್ಕಿನ ಹಗ್ಗದಲ್ಲಿ ತೂಗುತ್ತದೆ. ಉಪ್ಪುನೀರಿನಲ್ಲಿ ಪಿನ್ ಸವೆದರೆ ರಂಧ್ರ ಅಗಲವಾಗಿ, ಲಂಗರು ಹಾಕಿ ಮಲಗಿದಾಗ ಅಲೆ ಅಲೆಗೂ ತಳದಿಂದ ‘ಟಕ್ ಟಕ್’ ಕೇಳಿಸುತ್ತದೆ. ಕೊಳ್ಳುವವರು ದೋಣಿಯನ್ನು ಟ್ರೇಲರ್ ಮೇಲೆಯೇ ಸ್ವಲ್ಪ ಎತ್ತಿಸಿ, ಕೀಲ್‌ನ ತುದಿ ಹಿಡಿದು ಎಡಬಲಕ್ಕೆ ಅಲ್ಲಾಡಿಸಬೇಕು. ತುಸು ಆಡಿದರೆ ಪರವಾಗಿಲ್ಲ, ದಢದಢ ಅಂದರೆ ಪಿನ್, ಬೋಲ್ಟು, ಹಗ್ಗ ಮೂರನ್ನೂ ಬದಲಿಸುವ ಖರ್ಚನ್ನು ಬೆಲೆಯಲ್ಲಿ ಮುರಿದುಕೊಳ್ಳಬೇಕು.

ಮುಂದೆ ಡೆಕ್. ಇಲ್ಲಿ ಬೇಕಾಗುವ ಸಲಕರಣೆ ಒಂದು ನಾಣ್ಯ, ಅಷ್ಟೇ. ಕಂಬದ ಬುಡ, ಕಂಬವನ್ನು ಹಿಡಿದಿಡುವ ಸ್ಟೇ ತಂತಿ ಬಿಗಿದ ಜಾಗ, ಅಂಚಿನ ಕಂಬಿಗಳ ಬುಡ, ಹೀಗೆ ಎಲ್ಲೆಲ್ಲಿ ಬೋಲ್ಟು ಹೊಕ್ಕಿದೆಯೋ ಅಲ್ಲೆಲ್ಲ ಕುಟ್ಟುತ್ತಾ ಹೋಗಬೇಕು. ಗಟ್ಟಿ ಇದ್ದ ಕಡೆ ‘ಟಣ್’ ಎನ್ನುವ ಸದ್ದು, ಒಳಗೆ ನೀರು ಕುಡಿದ ಕಡೆ ‘ದಬ್’. ಫೈಬರಿನ ಎರಡು ಪದರಗಳ ನಡುವೆ ಜೆ/24ರಲ್ಲಿ ಬಾಲ್ಸಾ ಮರ, ಕ್ಯಾಟಲಿನಾದ ಡೆಕ್ಕಿನಲ್ಲಿ ಪ್ಲೈವುಡ್ ಇರುತ್ತದೆ. ಹಳೆಯ ಬೋಲ್ಟಿನ ಸಂದಿಯಿಂದ ಇಳಿದ ಮಳೆನೀರು ಆ ಮರವನ್ನು ಕೊಳೆಸುತ್ತದೆ, ಹೊರಗಿನ ಹೊಳಪು ಮಾತ್ರ ಹಾಗೆಯೇ ಇರುತ್ತದೆ. ಅಂಗೈಯಗಲದ ಕೊಳೆತವಾದರೆ ಕೈಗೆಟಕುವ ಕೆಲಸ. ಕಾಸರಕೋಡ, ತದಡಿ, ಭಟ್ಕಳದ ಬಂದರುಗಳಲ್ಲಿ ಮೀನುಗಾರಿಕೆಯ ಫೈಬರ್ ದೋಣಿಗಳಿರುವುದರಿಂದ ಮ್ಯಾಟು, ರೆಸಿನ್ ಹಾಕಿ ತೇಪೆ ಹಚ್ಚುವ ಕೈಗಳಿಗೆ ಕೊರತೆ ಇಲ್ಲ. ಔಟ್‌ಬೋರ್ಡ್ ಯಂತ್ರದ ಮೆಕ್ಯಾನಿಕ್ಕುಗಳಿಗೂ ಅಷ್ಟೇ.

ಕರಾವಳಿಯಲ್ಲಿ ಸಿಗದಿರುವುದು ಹಾಯಿ ಮತ್ತು ಅದರ ಸಾಮಾನು. ಒಂದು ಕಾಲದಲ್ಲಿ ಸಾಣಿಕಟ್ಟೆಯ ಉಪ್ಪು, ಹೆಂಚು, ತೆಂಗು ಹೊತ್ತ ಮಚವೆಗಳು ಈ ಅಳಿವೆಗಳಿಂದ ಹಾಯಿ ಬಿಚ್ಚಿಯೇ ಹೊರಟವು. ಯಂತ್ರ ಬಂದ ಮೇಲೆ ಹಾಯಿ ಹೊಲಿಯುವ ಕಸುಬು ಅಳಿಯಿತು. ಆದ್ದರಿಂದ ಹಾಯಿಯನ್ನು ನೆರಳಿನಲ್ಲಿ ಹರಡಿ, ಹೊಲಿಗೆಯನ್ನು ಉಗುರಿನಿಂದ ಕೆರೆದು ನೋಡಬೇಕು. ನೂಲು ಪುಡಿಯಾಗಿ ಕಿತ್ತರೆ ಬಿಸಿಲು ಅದನ್ನು ತಿಂದಾಯಿತು. ಬಟ್ಟೆ ಹೊಸದರಲ್ಲಿ ಕಾಗದದಂತೆ ಗರಿಗರಿ ಇರುತ್ತದೆ, ಮುದುರಿದರೂ ಸದ್ದಾಗದಷ್ಟು ಮೆತ್ತಗಾಗಿದ್ದರೆ ಅದರ ಆಯುಸ್ಸು ಮುಗಿದಿದೆ. ಕಂಬ ಹಿಡಿದಿರುವ ಸ್ಟೇನ್‌ಲೆಸ್ ತಂತಿಯ ತುದಿಗಳನ್ನು ಬಟ್ಟೆಯಿಂದ ಒರೆಸಿದಾಗ ದಾರ ಸಿಕ್ಕಿಕೊಂಡರೆ ಒಂದು ಎಳೆ ಮುರಿದಿದೆ ಎಂದೇ ಅರ್ಥ. ಆ ತಂತಿಯನ್ನು ನಂಬಿ ಅಳಿವೆ ದಾಟುವಂತಿಲ್ಲ.

ಟ್ರೇಲರನ್ನು ಹೆಚ್ಚಿನವರು ಉಚಿತ ಕೊಡುಗೆ ಎಂದುಕೊಳ್ಳುತ್ತಾರೆ. ಬೆಂಗಳೂರಿನಿಂದ ಸಾಗರದ ಮೇಲೆ ಬಂದು ಗೇರುಸೊಪ್ಪೆ ಘಟ್ಟ ಇಳಿಯುವಾಗ, ಹಿಂದಿನಿಂದ ಒಂದೂವರೆ ಟನ್ ತಳ್ಳುತ್ತಿರುವಾಗ, ಅದರ ಬ್ರೇಕಿನ ಬೆಲೆ ತಿಳಿಯುತ್ತದೆ. ಚಕ್ರದ ಹಬ್ ಬಿಚ್ಚಿ ಗ್ರೀಸ್ ನೋಡಬೇಕು. ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಬೇರಿಂಗಿಗೆ ನೀರು ಹೊಕ್ಕಿದೆ. ಟ್ರೇಲರಿಗೆ ಕಾರಿನಂತೆಯೇ ಸ್ವಂತ ನೋಂದಣಿ ಬೇಕು, ಆರ್‌ಸಿ ಇಲ್ಲದ್ದನ್ನು ಹೆದ್ದಾರಿಗೆ ತರಬಾರದು. ಯಂತ್ರವಿರುವ ದೋಣಿಗೆ ಒಳನಾಡು ಜಲದಲ್ಲಿ 2021ರ ಒಳನಾಡು ಹಡಗುಗಳ ಕಾಯ್ದೆ ಅನ್ವಯ. ವಿದೇಶದಿಂದ ಬಂದದ್ದಾದರೆ ಸುಂಕ ಕಟ್ಟಿದ ದಾಖಲೆ ಮಾರುವವರ ಕೈಯಲ್ಲಿರಬೇಕು.

ಕ್ಯಾಬಿನ್ನಿನ ಮಾತು ಕೊನೆಗೆ ಬಂದದ್ದು ಬೇಕೆಂದೇ. ಈ ಅಳತೆಯ ದೋಣಿಗಳಲ್ಲಿ ನೆಟ್ಟಗೆ ನಿಂತರೆ ತಲೆ ತಾಗುತ್ತದೆ. ಏಪ್ರಿಲ್, ಮೇ ತಿಂಗಳ ಸೆಕೆಗೆ ಒಳಗೆ ಕೂರಲಾಗದು, ಮಳೆಗಾಲದಲ್ಲಿ ಹಾಸಿಗೆಗೆ ಬೂಷ್ಟು. ನವೆಂಬರಿನಿಂದ ಫೆಬ್ರವರಿಯವರೆಗೆ ಮಾತ್ರ ಅದು ಸುಖ. ಆ ತಿಂಗಳುಗಳಲ್ಲಿ ಬೆಳಗಿನ ಗಾಳಿ ಮೂಡಣದಿಂದ ಸಮುದ್ರದ ಕಡೆಗೆ, ಮಧ್ಯಾಹ್ನದ ಗಾಳಿ ಸಮುದ್ರದಿಂದ ಒಳಗೆ. ತದಡಿಯಿಂದ ಮಧ್ಯಾಹ್ನದ ಉಬ್ಬರ ಹಿಡಿದು ಹೊರಟರೆ ಅಘನಾಶಿನಿ ತಾನಾಗಿ ಮೇಲಕ್ಕೆ ಕರೆದೊಯ್ಯುತ್ತದೆ. ಈ ಅಳಿವೆ 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿತು, ಮೇಲೆಲ್ಲೂ ದೊಡ್ಡ ಅಣೆಕಟ್ಟಿಲ್ಲ. ಮಿರ್ಜಾನಿನಲ್ಲಿ ಕಂಬ ಮಲಗಿಸಿ ಸೇತುವೆ ದಾಟಬೇಕು. ಆಮೇಲೆ ಕೀಲ್ ಮೇಲೆತ್ತಿ ಉಪ್ಪಿನಪಟ್ಟಣದ ದಿಕ್ಕಿಗೆ ಸಾಗಬಹುದು. ಯಾಣದ ಬಂಡೆಗಳಡಿಯಿಂದ ಹೊರಟ ಚಂಡಿಹೊಳೆ ನದಿಗೆ ಕೂಡುವುದು ಅಲ್ಲಿಯೇ.

ದೋಣಿ ಇಲ್ಲೇ ಆಸುಪಾಸಿನದಾದರೆ ಮುಂಗಡ ಕೊಡುವ ಮೊದಲು ಮಾರುವವರನ್ನೇ ಈ ಹಾದಿಯಲ್ಲಿ ಜೊತೆಗೆ ಕರೆದೊಯ್ಯುವುದು ಒಳ್ಳೆಯದು. ಸೇತುವೆಗೆ ನೂರು ಮೀಟರ್ ಇರುವಾಗ ಕಂಬ ಮಲಗಿಸಲು ಹೇಳಬೇಕು. ಅವರು ಒಬ್ಬರೇ ಹತ್ತು ನಿಮಿಷದಲ್ಲಿ ಮುಗಿಸಿದರೆ ಕೇಳಿದ ಬೆಲೆಗೆ ಹತ್ತಿರ ಹೋಗಬಹುದು; ಮೂವರು ಸೇರಿ ಹಗ್ಗ ಎಳೆದಾಡುವುದಾದರೆ ಚೌಕಾಸಿ ಅಲ್ಲಿಂದಲೇ ಶುರು.