ಚಿನ್ನದ ಗಣಿಯೂರು: ಕಣ್ಣಿಗೆ ಬೀಳುವುದು, ಬೀಳದೆ ಉಳಿಯುವುದು

ಕೋಲಾರ ಚಿನ್ನದ ಗಣಿ ಪ್ರದೇಶ, ಜನರ ಬಾಯಲ್ಲಿ ಕೆಜಿಎಫ್, ಬೆಂಗಳೂರಿನಿಂದ ಪೂರ್ವಕ್ಕೆ ಸುಮಾರು 100 ಕಿ.ಮೀ. ದೂರದಲ್ಲಿ ಆಂಧ್ರಪ್ರದೇಶದ ಗಡಿಗೆ ತಾಗಿಕೊಂಡಿದೆ. ಇಲ್ಲಿನ ಗಣಿಗಾರಿಕೆ 2001ರ ಫೆಬ್ರವರಿಯ ಕೊನೆಯಲ್ಲಿ ನಿಂತುಹೋಯಿತು. ಅದೇ ವಾರ ವಿಶಾಖಪಟ್ಟಣದಲ್ಲಿ ಭಾರತೀಯ ನೌಕಾಪಡೆಯ ಜಲಾಂತರ್ಗಾಮಿ ಐಎನ್‌ಎಸ್ ಕುರ್ಸುರಾ ಕೂಡ ಸೇವೆಯಿಂದ ನಿವೃತ್ತವಾಯಿತು. ಮರುವರ್ಷವೇ ಅದು ಕಡಲತೀರದ ಮೇಲೆ ವಸ್ತುಸಂಗ್ರಹಾಲಯವಾಗಿ ಸಾರ್ವಜನಿಕರಿಗೆ ತೆರೆದುಕೊಂಡಿತು. ಕೆಜಿಎಫ್‌ನ ಗಣಿಯಾದರೋ ಬೀಗ ಹಾಕಿದಂತೆಯೇ ಉಳಿಯಿತು. ಊರನ್ನು ನೋಡಲು ಈಗ ಜನ ಬರುತ್ತಿದ್ದಾರೆ. ಅವರು ಬಂದು ಏನನ್ನು ನೋಡುತ್ತಾರೆ, ಏನನ್ನು ನೋಡದೆ ಹೋಗುತ್ತಾರೆ ಎಂಬುದನ್ನು ಪರಿಶೀಲಿಸಬೇಕಾಗಿದೆ.

ನೋಡುವುದಕ್ಕೆ ಇರುವ ಚರಿತ್ರೆ ದೊಡ್ಡದು. ಮಾರಿಕುಪ್ಪಂ, ಉರಿಗಾಂ ಸುತ್ತಿನ ಹಳ್ಳಿಗರು ಮಣ್ಣು ತೊಳೆದು ಚಿನ್ನದ ಕಣ ತೆಗೆಯುತ್ತಿದ್ದುದನ್ನು 1802ರಲ್ಲಿ ಲೆಫ್ಟಿನೆಂಟ್ ಜಾನ್ ವಾರೆನ್ ದಾಖಲಿಸಿದ. ಆ ವರದಿಯ ಜಾಡು ಹಿಡಿದು ಮೈಕೆಲ್ ಲವೆಲ್ 1870ರ ದಶಕದಲ್ಲಿ ಮೈಸೂರು ಸರ್ಕಾರದಿಂದ ಶೋಧನೆಯ ಹಕ್ಕು ಪಡೆದ. 1880ರಿಂದ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿಯ ಕಾಲ ಆರಂಭವಾಯಿತು. ಶಿವನಸಮುದ್ರದಲ್ಲಿ ಉತ್ಪಾದನೆಯಾದ ವಿದ್ಯುತ್ತು 1902ರಲ್ಲಿ ಸುಮಾರು 147 ಕಿ.ಮೀ. ತಂತಿಯ ಮೇಲೆ ಮೊದಲು ಹರಿದದ್ದು ಈ ಗಣಿಗೆ. ಬೆಂಗಳೂರಿನ ಬೀದಿಗಳಿಗೆ ಅದು ಬಂದದ್ದು 1905ರಲ್ಲಿ. 1956ರಲ್ಲಿ ಮೈಸೂರು ರಾಜ್ಯ ಗಣಿಗಳನ್ನು ರಾಷ್ಟ್ರೀಕರಿಸಿತು, 1962ರಲ್ಲಿ ಅವು ಕೇಂದ್ರ ಸರ್ಕಾರಕ್ಕೆ ಸೇರಿದವು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್ ರೂಪುಗೊಂಡಿತು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದಿತ್ತು. ಒಟ್ಟು ಸುಮಾರು 800 ಟನ್ ಚಿನ್ನ ಹೊರಬಂದಿತು.

ಇಂದು ಪ್ರವಾಸಿಗಳನ್ನು ಹೆಚ್ಚು ಸೆಳೆಯುವುದು ‘ಸೈನೈಡ್ ಗುಡ್ಡ’ಗಳು. ಗಣಿಯಿಂದ ಬಂದ ಕಲ್ಲನ್ನು ಮಿಲ್‌ಗಳಲ್ಲಿ ಹಿಟ್ಟಿನಷ್ಟು ನುಣ್ಣಗೆ ಅರೆದು, ಸೈನೈಡ್ ದ್ರಾವಣದಲ್ಲಿ ಚಿನ್ನವನ್ನು ಕರಗಿಸಿ ತೆಗೆದ ಮೇಲೆ ಉಳಿದ ಮಣ್ಣು ಇಲ್ಲಿ ಸುರಿದು ಬೆಳೆದಿದೆ. ಇಂಥ 13 ಗುಡ್ಡಗಳಲ್ಲಿ ಸುಮಾರು 3.3 ಕೋಟಿ ಟನ್ ಮಣ್ಣಿದೆಯೆಂಬುದು ಅಂದಾಜು. ಮಳೆನೀರು ಕೊರೆದ ಬೂದುಬಣ್ಣದ ಇಳಿಜಾರುಗಳು ಸಿನಿಮಾ ಚಿತ್ರೀಕರಣಕ್ಕೆ ಬಹುಕಾಲದಿಂದ ಒದಗಿವೆ. ಪ್ರಶಾಂತ್ ನೀಲ್ ನಿರ್ದೇಶಿಸಿದ ‘ಕೆಜಿಎಫ್’ ಚಿತ್ರ 2018ರಲ್ಲಿ ಬಿಡುಗಡೆಯಾದ ಬಳಿಕ ಆ ಗುಡ್ಡಗಳೇ ಊರಿನ ಗುರುತಾದವು. ಸಿನಿಮಾದ ನರಾಚಿ ಕಲ್ಪನೆಯ ಊರು. ಒಬ್ಬ ಒಡೆಯನ ಗುಲಾಮಗಿರಿಯ ಆ ಕಥೆಗೂ ಕಂಪನಿ, ಸರ್ಕಾರ, ಕಾರ್ಮಿಕ ಸಂಘಗಳ ನಡುವೆ ನಡೆದ ಇಲ್ಲಿನ ಚರಿತ್ರೆಗೂ ಸಂಬಂಧವಿಲ್ಲ. ಕಲೆಗೆ ಆ ಸ್ವಾತಂತ್ರ್ಯ ಇರಲೇಬೇಕು. ಆದರೆ ಕಲ್ಪನೆಯ ಊರನ್ನು ಹುಡುಕಿಕೊಂಡು ಬಂದವರಿಗೆ ನಿಜವಾದ ಊರನ್ನು ತೋರಿಸುವವರು ಇಲ್ಲದಿದ್ದರೆ ಭೇಟಿ ಒಂದು ಫೋಟೊಗೆ ಮುಗಿದುಹೋಗುತ್ತದೆ. ಬಿರುಗಾಳಿಯ ತಿಂಗಳುಗಳಲ್ಲಿ ಇದೇ ಗುಡ್ಡದ ದೂಳು ಮನೆಮನೆಗೆ ನುಗ್ಗಿ ಉಸಿರಾಟಕ್ಕೂ ಚರ್ಮಕ್ಕೂ ತೊಂದರೆ ಕೊಡುತ್ತದೆಂದು ಸುತ್ತಲಿನ ನಿವಾಸಿಗಳು ವರ್ಷಗಳಿಂದ ಹೇಳುತ್ತ ಬಂದಿದ್ದಾರೆ. ಹೀಗಿರುವಾಗ ಗುಡ್ಡವನ್ನು ಹತ್ತಿ ಆಡುವ ತಾಣವೆಂದು ಪ್ರಚಾರ ಮಾಡುವುದು ಸರಿಯಲ್ಲ. ಅದನ್ನು ದೂರದಿಂದ ನೋಡಿ, ಅದು ಹೇಗೆ ಬೆಳೆಯಿತೆಂದು ತಿಳಿಯುವುದೇ ತಕ್ಕ ಕ್ರಮ.

ಎರಡನೆಯ ಆಕರ್ಷಣೆ ಶಾಫ್ಟ್‌ಗಳ ಮೇಲೆ ನಿಂತಿರುವ ಉಕ್ಕಿನ ಗೋಪುರಗಳು. ಕಾರ್ಮಿಕರನ್ನೂ ಕಲ್ಲನ್ನೂ ಏರಿಸಿ ಇಳಿಸುತ್ತಿದ್ದ ಇವನ್ನು ಬೇಲಿಯಾಚೆಯಿಂದ ನೋಡಬಹುದು, ಅಷ್ಟೇ. ಪಂಪುಗಳು ನಿಂತ ಮೇಲೆ ಸುರಂಗಗಳಲ್ಲಿ ನೀರು ತುಂಬಿದೆ. ಬಂಡೆ ಸಿಡಿದು ಸುರಂಗ ಕುಸಿಯುವುದು ಗಣಿ ನಡೆಯುತ್ತಿದ್ದಾಗಲೇ ಇಲ್ಲಿನ ದೊಡ್ಡ ಭಯವಾಗಿತ್ತು. ಹೀಗಾಗಿ ಆಳಕ್ಕೆ ಪ್ರವಾಸಿಗಳನ್ನು ಇಳಿಸಬೇಕೆಂಬ ಉತ್ಸಾಹಕ್ಕೆ ಆಧಾರವಿಲ್ಲ. ಆದರೆ ಆ ಆಳದಲ್ಲಿ ನಡೆದದ್ದನ್ನು ನೆಲದ ಮೇಲೆಯೇ ವಿವರಿಸಬಹುದು. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಜಪಾನಿನ ಒಸಾಕಾ ಮತ್ತು ಇಂಗ್ಲೆಂಡಿನ ಡರ್‌ಹಮ್‌ನ ಸಹೋದ್ಯೋಗಿಗಳೊಂದಿಗೆ 1965ರಲ್ಲಿ ವಾತಾವರಣದ ನ್ಯೂಟ್ರಿನೊಗಳನ್ನು ಗುರುತಿಸಿದ್ದು ಚಾಂಪಿಯನ್ ರೀಫ್‌ನ ಆಳದಲ್ಲಿ. ಮೇಲಿನ ಬಂಡೆ ಬೇರೆ ಕಣಗಳನ್ನು ತಡೆಯುತ್ತಿದ್ದರಿಂದಲೇ ಆ ಪ್ರಯೋಗ ಸಾಧ್ಯವಾಯಿತು. ಜಗತ್ತಿನ ಭೌತವಿಜ್ಞಾನದಲ್ಲಿ ಈ ಊರಿಗೆ ಹೆಸರು ತಂದ ಸಂಗತಿ ಬಂದವರ ಕಿವಿಗೆ ಬೀಳದೆ ಹೋಗುವುದು ಈ ಪ್ರವಾಸದ ದೊಡ್ಡ ಕೊರತೆ.

ಅದಕ್ಕಿಂತ ದೊಡ್ಡ ಕೊರತೆ ‘ಲೈನ್’ಗಳ ವಿಷಯದಲ್ಲಿದೆ. ಗಣಿ ಕಾರ್ಮಿಕರಿಗೆಂದು ಕಟ್ಟಿದ ಸಾಲುಮನೆಗಳಿವು. ಉತ್ತರ ಆರ್ಕಾಟ್, ಸೇಲಂ ಕಡೆಯಿಂದ ಬಂದ ತಮಿಳು ಕುಟುಂಬಗಳು, ಬಹುಪಾಲು ದಲಿತರು, ಚಿತ್ತೂರು ಸೀಮೆಯ ತೆಲುಗರು ಮತ್ತು ಸ್ಥಳೀಯ ಕನ್ನಡಿಗರು ಸೇರಿ ಈ ಊರನ್ನು ಕಟ್ಟಿದರು. ಬೆರಳಚ್ಚು ನೋಂದಣಿಯನ್ನು ವಿರೋಧಿಸಿ 1930ರಲ್ಲಿ ನಡೆದ ಮುಷ್ಕರವೂ, ಪೊಲೀಸರ ಗುಂಡಿಗೆ ಕಾರ್ಮಿಕರು ಬಲಿಯಾದ 1946ರ ಹೋರಾಟವೂ ಅವರ ಚರಿತ್ರೆ. ಕಲ್ಲಿನ ದೂಳು ಶ್ವಾಸಕೋಶಕ್ಕಿಳಿದು ಬರುವ ಸಿಲಿಕೋಸಿಸ್ ಕೂಡ ಅದೇ ಚರಿತ್ರೆಯ ಭಾಗ. ಪ್ರವಾಸ ಬರಹಗಳು ಅಧಿಕಾರಿಗಳ ಬಂಗಲೆ, ಕ್ಲಬ್, ಗಾಲ್ಫ್ ಮೈದಾನಗಳನ್ನು ‘ಪುಟ್ಟ ಇಂಗ್ಲೆಂಡ್’ ಎಂದು ವರ್ಣಿಸುತ್ತವೆ. ಬಂಗಲೆಯನ್ನು ನೋಡಿ ಲೈನನ್ನು ಬಿಟ್ಟರೆ ಆ ಸುಖ ಯಾರ ಬೆವರಿನಿಂದ ಬಂತೆಂಬುದು ತಿಳಿಯುವುದಿಲ್ಲ. ಗಣಿ ಮುಚ್ಚಿದ ಮೇಲೆ ಬೆಳಗಿನ ರೈಲು ಹಿಡಿದು ಬೆಂಗಳೂರಿನ ಕೂಲಿಗೆ, ಕೆಲಸಕ್ಕೆ ಹೋಗುವ ಸಾವಿರಾರು ಜನ ಇದೇ ಮನೆಗಳವರು.

ಊರ ಸುತ್ತಣ ಬಯಲಿನ ತಾಣಗಳು ಪ್ರವಾಸಕ್ಕೆ ಹರವು ಕೊಡುತ್ತವೆ. ಪಾಲಾರ್ ನದಿಗೆ ಕಟ್ಟಿದ ಬೇತಮಂಗಲದ ಕೆರೆ ಗಣಿಗೂ ಊರಿಗೂ ನೀರುಣಿಸಿದ್ದು. ಚಿನ್ನದ ಕಥೆಯಲ್ಲಿ ನೀರಿನ ಪಾತ್ರವನ್ನು ಅದರ ಏರಿಯ ಮೇಲೆ ಅರಿಯಬಹುದು. ಪೆದ್ದಪಲ್ಲಿಯ ಜ್ವಾಲಾಮುಖಿ ಶಿಲೆಗಳನ್ನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿದೆ. ಉತ್ತರದಿಂದ ದಕ್ಷಿಣಕ್ಕೆ ಸುಮಾರು 80 ಕಿ.ಮೀ. ಚಾಚಿರುವ ಶಿಲಾಪಟ್ಟಿ ರಾಜ್ಯದ ಗಡಿಯನ್ನು ಲೆಕ್ಕಿಸುವುದಿಲ್ಲ. ಚಿತ್ತೂರು ಜಿಲ್ಲೆಯ ಚಿಗರಗುಂಟ, ಬಿಸಾನತ್ತಂ ಗಣಿಗಳೂ ಅದರ ಮೇಲೆಯೇ ಇದ್ದವು. ಕಮ್ಮಸಂದ್ರದ ಕೋಟಿಲಿಂಗೇಶ್ವರದಲ್ಲಿ 108 ಅಡಿಯ ಲಿಂಗವಿದೆ, ಆವಣಿಯಲ್ಲಿ ನೊಳಂಬರ ಕಾಲದ ದೇಗುಲಗಳಿವೆ. ಇವೆಲ್ಲ ಒಂದೇ ದಿನದ ಹಾದಿಯಲ್ಲಿ ಸಿಗುತ್ತವೆ. ಆದರೆ ಒಂದನ್ನು ಇನ್ನೊಂದಕ್ಕೆ ಜೋಡಿಸಿ ಹೇಳುವ ನಿರೂಪಣೆ ಇಲ್ಲದ ಕಾರಣ ಜನ ಲಿಂಗ ನೋಡಿ, ಗುಡ್ಡ ನೋಡಿ ಹಿಂದಿರುಗುತ್ತಾರೆ.

ಹೋಲಿಕೆಗೆ ವಿಶಾಖಪಟ್ಟಣ ಒದಗುತ್ತದೆ. 1969ರಲ್ಲಿ ಸೇವೆಗೆ ಸೇರಿದ್ದ ಕುರ್ಸುರಾವನ್ನು ರಾಮಕೃಷ್ಣ ಕಡಲತೀರಕ್ಕೆ ಎಳೆದು ತಂದು ನಿಲ್ಲಿಸಲಾಗಿದೆ. ಸುಮಾರು 91 ಮೀಟರ್ ಉದ್ದದ ಒಡಲಿನೊಳಗೆ ನಡೆದು ಟಾರ್ಪಿಡೊ ಕೋಣೆ, ಇಕ್ಕಟ್ಟಾದ ಮಲಗುವ ಜಾಗ, ಅಡುಗೆಮನೆಗಳನ್ನು ನೋಡಬಹುದು. ಅದರ ಹೆಚ್ಚುಗಾರಿಕೆ ಮಾರ್ಗದರ್ಶಕರಲ್ಲಿದೆ: ನಿವೃತ್ತ ನೌಕಾಸಿಬ್ಬಂದಿಯೇ ನಿಂತು ವಿವರಿಸುತ್ತಾರೆ. ಯಂತ್ರದ ಜೊತೆಗೆ ಅದರೊಳಗೆ ದುಡಿದವರ ಬದುಕೂ ತಿಳಿಯುತ್ತದೆ. ಅದೇ ನಗರದ ಭೀಮುನಿಪಟ್ಟಣದ ಹಾದಿಯಲ್ಲಿರುವ ಎರ್ರಮಟ್ಟಿ ದಿಬ್ಬಗಳೂ ಸೈನೈಡ್ ಗುಡ್ಡಗಳಂತೆ ಮಳೆ ಕೊರೆದವು, ಚಿತ್ರೀಕರಣಕ್ಕೆ ಹೆಸರಾದವು. ಗಾಳಿ, ಸಮುದ್ರಗಳು ಸಾವಿರಾರು ವರ್ಷಗಳಲ್ಲಿ ರೂಪಿಸಿದ ಕೆಂಪು ಮರಳಿನ ಆ ದಿಬ್ಬಗಳಿಗೆ ಭೂಪರಂಪರೆಯ ತಾಣವೆಂಬ ಮನ್ನಣೆ ದೊರೆತಿದೆ. ಅವನ್ನು ಹಾಗೆಯೇ ಕಾಪಾಡಬೇಕು. ಕೆಜಿಎಫ್‌ನ ಗುಡ್ಡ ಮನುಷ್ಯ ಸುರಿದ ತ್ಯಾಜ್ಯ. ಅದರ ದೂಳನ್ನು ಮೊದಲು ಅಡಗಿಸಬೇಕು. ನೋಟ ಒಂದೇ ಬಗೆಯದಾದರೂ ಹೊಣೆ ಬೇರೆ.

ವಿಜಯವಾಡದ ಬಳಿಯ ಕೊಂಡಪಲ್ಲಿ ಇನ್ನೊಂದು ಪಾಠ ಹೇಳುತ್ತದೆ. ಅಲ್ಲಿ ಬೆಟ್ಟದ ಮೇಲೆ ರೆಡ್ಡಿ ಅರಸರ ಕಾಲದ ಕೋಟೆ, ಕೆಳಗೆ ಬೊಂಬೆ ಕೆತ್ತುವವರ ಕೇರಿ. ಕೋಟೆ ನೋಡಿ ಇಳಿದವರು ತೆಲ್ಲಪೊಣಿಕಿ ಎಂಬ ಹಗುರ ಮರದ ಬೊಂಬೆ ತಯಾರಾಗುವುದನ್ನು ಕುಶಲಕರ್ಮಿಗಳ ಮನೆಯಂಗಳದಲ್ಲೇ ಕಂಡು ಕೊಳ್ಳಬಹುದು. ಪ್ರವಾಸಿಯ ಹಣ ಊರವರ ಕೈ ಸೇರುತ್ತದೆ. ಕೆಜಿಎಫ್‌ನಲ್ಲಿ ಬಾಡಿಗೆ ಕಾರಿನಲ್ಲಿ ಬಂದು ಸಂಜೆಗೆ ಹೊರಡುವವರಿಂದ ಲೈನಿನ ಮನೆಗಳಿಗೆ ಏನೂ ಬಾರದು.

ಈ ಎರಡು ನಿದರ್ಶನಗಳನ್ನು ಮುಂದಿಟ್ಟುಕೊಂಡು ಅಳೆದರೆ ಕೆಜಿಎಫ್ ಪ್ರವಾಸ ಸಾಮಗ್ರಿಯಲ್ಲಿ ಶ್ರೀಮಂತ, ವ್ಯವಸ್ಥೆಯಲ್ಲಿ ಬಡವಾಗಿದೆ. ಆಗಬೇಕಾದ ಕೆಲಸ ಅಸಾಧ್ಯದ್ದಲ್ಲ. ಭದ್ರವಾಗಿರುವ ಒಂದು ಶಾಫ್ಟ್ ಗೋಪುರವನ್ನೂ ಅದರ ಯಂತ್ರಮನೆಯನ್ನೂ ಉಳಿಸಿ ನೆಲದ ಮೇಲಿನ ವಸ್ತುಸಂಗ್ರಹಾಲಯ ಮಾಡಬೇಕು. ಅಲ್ಲಿ ಸುರಂಗಗಳ ಮಾದರಿ, ಶಿವನಸಮುದ್ರದ ತಂತಿಯ ಕಥೆ, ನ್ಯೂಟ್ರಿನೊ ಪ್ರಯೋಗ, ಮುಷ್ಕರಗಳ ದಾಖಲೆ ಒಟ್ಟಿಗಿರಬೇಕು. ವಿವರಿಸುವ ಕೆಲಸ ಮಾಜಿ ಗಣಿ ಕಾರ್ಮಿಕರಿಗೂ ಅವರ ಮಕ್ಕಳಿಗೂ ಸಂಬಳದೊಂದಿಗೆ ಸಿಗಬೇಕು, ಕನ್ನಡ, ತಮಿಳು, ತೆಲುಗು ಮೂರರಲ್ಲೂ ನಡೆಯಬೇಕು. ಗಣಿ ನಿಂತು ಎರಡು ದಶಕ ದಾಟಿದೆ. ಒಳಗೆ ಇಳಿದು ಬಂದವರಿಗೆ ವಯಸ್ಸಾಗುತ್ತಿದೆ. ಅವರು ಹೇಳಬಲ್ಲ ಸಂಗತಿಗಳನ್ನು ಯಾವ ಕಟ್ಟಡವೂ ಹೇಳಲಾರದು. ಆದ್ದರಿಂದ ಈ ಯೋಜನೆಯಲ್ಲಿ ಮೊದಲ ಹಣ ವ್ಯಯವಾಗಬೇಕಾದದ್ದು ರಸ್ತೆ, ಕಮಾನುಗಳಿಗಿಂತ ಮುಂಚೆ ಅವರ ಮಾತನ್ನು ದಾಖಲಿಸುವುದಕ್ಕೆ.