ಕೃತಕ ಭಗ್ನಾವಶೇಷ ಮತ್ತು ಅಳಿವಿನ ಅರಿವು

ಕಟ್ಟಿದುದು ಕಾಲವಶದಿಂದ ಹಾಳಾಗುವುದು ಲೋಕರೂಢಿ. ಹಾಳಾದ ರೂಪದಲ್ಲಿಯೇ ಹೊಸದಾಗಿ ಕಟ್ಟಿಸುವ ಪದ್ಧತಿಯೊಂದು ಹದಿನೆಂಟನೆಯ ಶತಮಾನದ ಯುರೋಪಿನಲ್ಲಿ ಬೆಳೆದುಬಂದಿತು. ಇಂಗ್ಲೆಂಡಿನ ಹ್ಯಾಗ್ಲಿ ಉದ್ಯಾನದಲ್ಲಿ 1747-48ರ ಸುಮಾರಿಗೆ ಸ್ಯಾಂಡರ್ಸನ್ ಮಿಲ್ಲರನು ಮುರಿದ ಕೋಟೆಯೊಂದನ್ನು ರಚಿಸಿದನು. 1748ರಲ್ಲಿ ಪ್ರಷ್ಯದ ದೊರೆ ಎರಡನೆಯ ಫ್ರೆಡರಿಕನು ಪಾಟ್ಸ್‌ಡ್ಯಾಮಿನ ಗುಡ್ಡವೊಂದರ ಮೇಲೆ, ಅರಮನೆಯ ಕಾರಂಜಿಗಳಿಗಾಗಿ ತೋಡಿಸಿದ ಕೊಳದ ಬಳಿ, ರೋಮನ್ ಮಾದರಿಯ ಭಗ್ನ ಸ್ತಂಭಗಳನ್ನು ನಿಲ್ಲಿಸಿದನು. ಮುಂದೆ ಅದೇ ಗುಡ್ಡದ ಮೇಲೆ ಎದ್ದ ಗೋಪುರವು 1945ರ ಯುದ್ಧದಲ್ಲಿ ನಿಜವಾಗಿಯೇ ಭಗ್ನವಾಯಿತು. ಹುಸಿ ಹಾಳಿನ ಪಕ್ಕದಲ್ಲಿ ದಿಟದ ಹಾಳು ಬಂದು ನಿಂತಾಗ ಎರಡರ ಅಂತರ ತಾನಾಗಿ ವ್ಯಕ್ತವಾಯಿತು.

ಆ ಉದ್ಯಾನಗಳ ಒಡೆಯರು ಅನಿತ್ಯತೆಯ ಭಾವವನ್ನು ಬಯಸಿದವರೇ. ಆದರೆ ಅಲ್ಲಿ ಯಾರೂ ಏನನ್ನೂ ಕಳೆದುಕೊಂಡಿರಲಿಲ್ಲ. ನಷ್ಟವಿಲ್ಲದ ಶೋಕವು ವಿಲಾಸವಾಗುತ್ತದೆಯೇ ಹೊರತು ವೈರಾಗ್ಯವಾಗದು. ಚಿತ್ರಕಲೆಯಲ್ಲಿ ಇದಕ್ಕೆ ಭಿನ್ನವಾದ ನಿದರ್ಶನವುಂಟು. ಫ್ರಾನ್ಸಿನ ಕ್ರಾಂತಿಯ ಕಾಲದಲ್ಲಿ ಸೆರೆವಾಸ ಕಂಡ ಯುಬೆರ್ ರೋಬೆರ್ 1796ರಲ್ಲಿ ಲೂವ್ರ್ ಅರಮನೆಯ ಮಹಾಶಾಲೆ ಕುಸಿದು ಬಿದ್ದಂತೆ ಕಲ್ಪಿಸಿ ಚಿತ್ರಿಸಿದನು. ಆ ಕಲ್ಪಿತ ಹಾಳಿನ ನಡುವೆ ಕುಳಿತ ಕಲಾವಿದನೊಬ್ಬನು ಉಳಿದ ವಿಗ್ರಹವನ್ನು ನೋಡಿ ಬರೆಯುತ್ತಿದ್ದಾನೆ. ಅನ್ಯರ ಅಳಿವನ್ನು ಸವಿಯದೆ ತನ್ನವರ ಅಳಿವನ್ನೇ ಮುಂಗಂಡುದರಿಂದ ಆ ಚಿತ್ರಕ್ಕೆ ಗೌರವವಿದೆ.

ಇಂತಹ ಉದ್ಯಾನಾಭಿರುಚಿ ನಮ್ಮಲ್ಲಿ ಬೇರೂರದಿದ್ದುದೇಕೆಂಬುದನ್ನು ತಿಳಿಯಲು ಬಂಟ್ವಾಳದ ಬಳಿಯ ನೇತ್ರಾವತಿ ತೀರದ ನರಿಕೊಂಬಿನಂತಹ ಊರನ್ನು ನೋಡಿದರೆ ಸಾಕು. ವರ್ಷಕ್ಕೆ ಸುಮಾರು 4,000 ಮಿಲಿಮೀಟರಿನಷ್ಟು ಮಳೆ ಸುರಿಯುವ ಸೀಮೆಯದು. ಮಾಡು ಸೋರಿದ ಮಣ್ಣಿನ ಗೋಡೆ ಅಲ್ಲಿ ಹೆಚ್ಚು ಮಳೆಗಾಲಗಳನ್ನು ಕಾಣದು. ಹಾಳೆಂಬುದು ಅಲ್ಲಿ ತಾನಾಗಿ ಬರುವ ಅತಿಥಿ. ಹಣ ಕೊಟ್ಟು ಕರೆಸಬೇಕಾಗಿಲ್ಲ. ದೇವಾಲಯವೋ ದೈವಸ್ಥಾನವೋ ಜೀರ್ಣವಾದರೆ ಊರವರು ಅದನ್ನು ನೋಟವೆಂದೆಣಿಸದೆ ಋಣವೆಂದೆಣಿಸುತ್ತಾರೆ. ಪ್ರಶ್ನೆಯಿಟ್ಟು, ಬಾಲಾಲಯ ಕಟ್ಟಿ, ಜೀರ್ಣೋದ್ಧಾರಗೈದು, ಬ್ರಹ್ಮಕಲಶದೊಡನೆ ಆ ಋಣವನ್ನು ತೀರಿಸುತ್ತಾರೆ.

ಆದರೆ ಈ ಶ್ರದ್ಧೆಯಲ್ಲಿಯೂ ಒಂದು ದೋಷ ಸೇರಿಕೊಂಡಿದೆ. ಜೀರ್ಣೋದ್ಧಾರದ ಹೆಸರಿನಲ್ಲಿ ಗಟ್ಟಿಯಾದ ಕೆಂಪುಕಲ್ಲಿನ ಗೋಡೆಗಳೂ ಕೆತ್ತನೆಯ ಮರಗಳೂ ಕಿತ್ತೊಗೆಯಲ್ಪಟ್ಟು ಕಾಂಕ್ರೀಟು ಏಳುತ್ತದೆ. ಕಳಚಿದ ಗುತ್ತಿನ ಮನೆಗಳ ಕಂಬಗಳು ವಿಹಾರಧಾಮಗಳ ಜಗಲಿಯನ್ನು ಸಿಂಗರಿಸುತ್ತವೆ. ಆಂಗ್ಲರು 1820ರ ದಶಕದಲ್ಲಿ ಲಿಬಿಯಾದ ಲೆಪ್ಟಿಸ್ ಮ್ಯಾಗ್ನಾದ ಕಂಬಗಳನ್ನು ವಿಂಡ್ಸರಿನ ಕೆರೆಯ ದಡದಲ್ಲಿ ನೆಟ್ಟುದೂ ಇದೇ ಬಗೆಯ ಕಾರ್ಯ. ಕಲ್ಲು ನಿಜ, ಮರ ನಿಜ. ಅವುಗಳ ಸಂಬಂಧ ಮಾತ್ರ ಕಡಿದುಹೋಗಿದೆ. ನಮ್ಮ ನಾಡಿನ ಕೃತಕ ಭಗ್ನಾವಶೇಷವೆಂದರೆ ಇದೇ.

ಮಣಿಪಾಲದಲ್ಲಿ ವಿಜಯನಾಥ ಶೆಣೈಯವರು (ನಿಧನ: 2017) ರೂಪಿಸಿದ ಹಸ್ತಶಿಲ್ಪ ಪಾರಂಪರಿಕ ಗ್ರಾಮವು ಈ ದಾರಿಯನ್ನು ಬಿಟ್ಟು ನಡೆಯಿತು. ಅಳಿವಿನಂಚಿನಲ್ಲಿದ್ದ ಮನೆಗಳನ್ನು ತುಂಡುತುಂಡಾಗಿ ಬಳಸದೆ, ಇಡಿಯಾಗಿ ಕಳಚಿ ತಂದು ಮೊದಲಿನಂತೆ ಜೋಡಿಸಿದುದು ಅದರ ಹಿರಿಮೆ. ಅವುಗಳಲ್ಲಿ ಒಂದು ವೀರಶೈವ ಜಂಗಮಮಠವೂ ಇದೆ. ಆ ಮಠದೆದುರು ನಿಂತ ಶಿವಭಕ್ತನಿಗೆ ಮಾತ್ರ ಒಂದು ಪ್ರಶ್ನೆ ಏಳದಿರದು: ಸ್ಥಾವರವು ಚಲಿಸಿ ಬಂದಿತು, ಜಂಗಮವು ಬಂದಿತೆ? ದಾಸೋಹವೂ ಅನುಭಾವಗೋಷ್ಠಿಯೂ ಮರದ ತೊಲೆಗಳೊಡನೆ ಬರತಕ್ಕವಲ್ಲ. ಇದು ಆ ಸಂಗ್ರಾಹಕರ ಕುಂದಲ್ಲ. ಆ ಮಠವನ್ನು ಬರಿದುಮಾಡಿದ ಸಮಾಜದ ಕುಂದು.

ಭಗ್ನವಾದುದನ್ನು ಹೇಗೆ ಕಾಣಬೇಕೆಂಬುದಕ್ಕೆ ಶರಣಸಾಹಿತ್ಯದಲ್ಲಿಯೇ ಮೇಲ್ಪಂಕ್ತಿಯಿದೆ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣವು ಚದುರಿತು. ವಚನಗಳು ಓಲೆಗರಿಗಳಲ್ಲಿ ಹರಿದು ಹಂಚಿಹೋದುವು. ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನೂ ಅವನ ತರುವಾಯದ ಸಂಕಲನಕಾರರೂ ಆ ಬಿಡಿ ವಚನಗಳನ್ನು ಸಂವಾದರೂಪದಲ್ಲಿ ಪೋಣಿಸಿ ಶೂನ್ಯಸಂಪಾದನೆಯನ್ನು ರಚಿಸಿದರು. ಇಡಿಯಾದುದನ್ನು ಒಡೆದಂತೆ ತೋರಿಸುವುದು ಕೃತಕ ಭಗ್ನಾವಶೇಷ. ಒಡೆದ ಚೂರುಗಳನ್ನು ಮತ್ತೆ ಮಾತನಾಡಿಸುವುದು ಶೂನ್ಯಸಂಪಾದನೆ. ಅದು ಕಲ್ಯಾಣದ ಪಡಿಯಚ್ಚಲ್ಲ, ಕಲ್ಯಾಣದ ಮುಂದುವರಿಕೆ.

ಬಸವಕಲ್ಯಾಣದಲ್ಲಿ 2021ರ ಜನವರಿ 6ರಂದು ನೂತನ ಅನುಭವ ಮಂಟಪಕ್ಕೆ ಶಂಕುಸ್ಥಾಪನೆಯಾಯಿತು. ಅಂತಹ ಕಟ್ಟಡದ ಒರೆಗಲ್ಲು ಅದು ಎಷ್ಟು ಪ್ರಾಚೀನವಾಗಿ ಕಾಣುವುದೆಂಬುದಲ್ಲ. ಅಲ್ಲಿ ಕುಳಿತು ಕಾಯಕದವನೂ ಪಂಡಿತನೂ ಸರಿಸಮನಾಗಿ ಪ್ರಶ್ನೆ ಕೇಳಬಲ್ಲರೇ ಎಂಬುದು. ಊರೂರಿನ ಹಳೆಯ ಮಠಗಳಿಗೂ ಇದೇ ಮಾತು ಸಲ್ಲುತ್ತದೆ. ಕೆಡಹುವ ಮೊದಲು ಮಾಡಿನ ಹಂಚು ಬದಲಿಸಿ ನೋಡುವುದು, ಅಟ್ಟದ ಮೇಲಿನ ಓಲೆಕಟ್ಟುಗಳನ್ನು ಇಳಿಸಿ ಓದಿಸುವುದು, ನಿಂತ ದಾಸೋಹವನ್ನು ಮತ್ತೆ ನಡೆಸುವುದು, ಇವು ಅಲ್ಪವೆಚ್ಚದ ಕಾರ್ಯಗಳು. ಅಳಿಯುವುದನ್ನು ಅಳಿಯುವುದೆಂದೇ ಅರಿತು, ಉಳಿಸತಕ್ಕುದನ್ನು ಉಳಿಸುವವರಿಗೆ ಹುಸಿ ಹಾಳಿನ ಅಲಂಕಾರ ಬೇಕಾಗದು.